ಗಟ್ಟಿಮೇಳದಲ್ಲಿ ಒಂದು ಬಿಡುವು

ಮದುವೆ ಊಟಕ್ಕೆ ಹೊರಟಾಗ ಸಿದ್ದೇಶ್ವರ ಮೇಷ್ಟ್ರು ಚೀಲದಲ್ಲಿ ರೆಕಾರ್ಡರ್ ಇಟ್ಟುಕೊಂಡದ್ದೇ ತಪ್ಪಾಯಿತು.

ರೆಕಾರ್ಡರ್ ಎಂದರೆ ಇಲ್ಲಿ, ಪೀಪಿಯಂತೆ ನೆಟ್ಟಗೆ ಬಾಯಿಗಿಟ್ಟು ಊದುವ, ಶಾಲಾ ಮಕ್ಕಳ ಪ್ಲಾಸ್ಟಿಕ್ ಕೊಳಲು. ಮೇಷ್ಟ್ರು ಚನ್ನರಾಯಪಟ್ಟಣದ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಅಲ್ಲಿ ಸಂಗೀತದ ಪೀರಿಯಡ್ ನಿಂತುಹೋದಾಗ ಬೀರುವಿನಲ್ಲಿ ಉಳಿದಿದ್ದ ಒಂದನ್ನು ಕೇಳಿ ಪಡೆದರು. ಫೋನಿನಲ್ಲಿ ನೋಡಿ ನೋಡಿ ಅದರಲ್ಲಿ ಜಾಝ್ ನುಡಿಸಲು ಕಲಿತರು. ಧಾಟಿಯೊಂದನ್ನು ಹಿಡಿದು ಮನಸ್ಸಿಗೆ ಬಂದಂತೆ ಬೆಳೆಸುತ್ತ ಹೋಗುವ ಸಂಗೀತ ಅದು. ಕಿವಿ ಕಾಯುತ್ತಿರುವ ಜಾಗದಲ್ಲಿ ತಾಳ ಬೀಳದೆ, ಕೊಂಚ ತಡೆದು ಬೀಳಬೇಕು. ಮೇಷ್ಟ್ರ ಒಂದೇ ಒಂದು ಧಾಟಿಯನ್ನೂ ಈವರೆಗೆ ಯಾರೂ ಕೊನೆತನಕ ಕೇಳಿರಲಿಲ್ಲ.

ಮನೆಯ ಮಾಲೀಕ ಪರಮಶಿವಯ್ಯನವರು ಕೊಬ್ಬರಿ ವ್ಯಾಪಾರಿ. ಕೆಳಗೆ ಅವರ ಸಂಸಾರ, ಮೇಲೆ ಬಾಡಿಗೆಗೆ ಮೇಷ್ಟ್ರೊಬ್ಬರೇ. ಹಿಂದಿನ ವಾರವಷ್ಟೇ ಪರಮಶಿವಯ್ಯ ಮೆಟ್ಟಿಲು ಹತ್ತಿ ಬಂದಿದ್ದರು.

“ಅದೇನ್ ಮೇಷ್ಟ್ರೇ, ಕುಕ್ಕರ್ ಕೂಗ್ದಂಗೆ. ನಮ್ಮನೆಯವ್ಳು ಅದ್ ಕೇಳಿ ಒಲೆ ಆರಿಸ್ಬುಟ್ಟವ್ಳೆ, ಅನ್ನ ಬೇಯ್ನಿಲ್ಲ.”

“ಅದು ಸಂಗೀತ, ಸಾ.”

“ಏನಾರ ಆಗ್ಲಿ. ಮನೆ ಬೇಕಾದ್ರೆ ಊದೋದ್ ಬುಡಿ, ಊದ್ಬೇಕಾದ್ರೆ ಮನೆ ಬುಡಿ.”

ಅಂದಿನಿಂದ ಮೇಷ್ಟ್ರು ವ್ಯಾಪಾರ ಮುಗಿದ ಮೇಲೆ ತೆಂಗಿನಕಾಯಿ ಮಾರುಕಟ್ಟೆಯ ಶೆಡ್ಡಿನಲ್ಲಿ ಕುಳಿತು ನುಡಿಸುತ್ತಿದ್ದರು. ಹಮಾಲಿಗಳು ಹತ್ತಿರ ಬಂದು, ಊರಲ್ಲಿ ಎಲ್ಲರೂ ಕ್ಷೇಮವೇ ಎಂದು ಮೆಲ್ಲಗೆ ವಿಚಾರಿಸಿ ಹೋಗುತ್ತಿದ್ದರು. ಮದುವೆ ಊಟ ಮುಗಿಸಿ ಅಲ್ಲಿಗೇ ಹೋಗುವ ಯೋಚನೆ ಅವರದು. ಅದಕ್ಕೇ ಆ ಚೀಲ.

ಮದುವೆ ಪರಮಶಿವಯ್ಯನವರ ಮಗಳು ಮಾನಸಾಳದು. ಗಂಡು ಹಾಸನದ ರಜನೀಶ್. ಕೆಲಸ ಚನ್ನರಾಯಪಟ್ಟಣದ ಬ್ಯಾಂಕಿನಲ್ಲೇ. ಮೇಷ್ಟ್ರು ಕಲ್ಯಾಣ ಮಂಟಪಕ್ಕೆ ಕಾಲಿಡುವ ಹೊತ್ತಿಗೆ ಅಲ್ಲಿ ಗದ್ದಲವೆದ್ದಿತ್ತು. ಓಲಗದವರ ವ್ಯಾನು ಹಿರೀಸಾವೆಯ ಆಚೆ ಕೆಟ್ಟು ನಿಂತಿತ್ತು. ಮುಹೂರ್ತ ಹತ್ತಿರ ಬಂದಿತ್ತು. ತಾಳಿ ಕಟ್ಟುವಾಗ ಗಟ್ಟಿಮೇಳ ಮೊಳಗಲೇಬೇಕು. ಆ ಗಳಿಗೆಯಲ್ಲಿ ಕೆಟ್ಟ ಮಾತಾಗಲಿ, ಒಂಟಿ ಸೀನಾಗಲಿ ಯಾರ ಕಿವಿಗೂ ಬೀಳಬಾರದು. ಫೋನಿನಲ್ಲಿದ್ದ ಗಟ್ಟಿಮೇಳವನ್ನೇ ಹಾಕೋಣವೆಂದು ಯಾರೋ ಸೂಚಿಸಿದರು. ಪರಮಶಿವಯ್ಯನವರ ಅಕ್ಕ ಶಿವಗಂಗಮ್ಮ ಒಪ್ಪಲಿಲ್ಲ.

“ತಾಳಿನೂ ಫೋನಲ್ಲೇ ಕಟ್ಟುಸ್ಬುಡಿ ಅಂಗಾರೆ. ಉಸ್ರಿರೋ ಮನ್ಸ ಊದ್ಬೇಕು ಕಣ್ಲಾ.” ಅವರ ಕಣ್ಣು ಮೇಷ್ಟ್ರ ಚೀಲದ ಮೇಲೆ ನಿಂತಿತು. “ಮೇಲ್ಮನೆ ಮೇಷ್ಟ್ರು ಊದ್ತಾರಲ್ಲ. ಚೀಲ್ದಾಗೇ ಐತಲ್ಲ.”

ಅದು ಓಲಗಕ್ಕಾಗುವ ವಾದ್ಯವಲ್ಲ, ಸದ್ದು ಸಾಲದು ಎಂದು ಮೇಷ್ಟ್ರು ಕೈಮುಗಿದು ಬೇಡಿಕೊಂಡರು. ಪರಮಶಿವಯ್ಯ ಅವರ ತೋಳು ಹಿಡಿದುಕೊಂಡರು.

“ಮೈಕ್ ನಾನೇ ಇಡ್ಕೋತೀನಿ. ಮದ್ವೆ ಸುಸೂತ್ರ ಮುಗುದ್ರೆ ಆ ಮೇಲ್ಮನೇಲಿ ಅಗ್ಲೂ ರಾತ್ರಿ ಊದುದ್ರೂ ಬ್ಯಾಡ ಅನ್ನಾಕಿಲ್ಲ. ಲಿಂಗದಾಣೆ.”

ಮೇಷ್ಟ್ರ ಪ್ರತಿರೋಧ ಅಲ್ಲಿಗೆ ಮುಗಿಯಿತು.

ಸ್ವರ ಸರಿಯಿದೆಯೇ ಎಂದು ಒಮ್ಮೆ ಊದಿ ನೋಡಿದರು. ಅಡುಗೆಮನೆಯಿಂದ ಒಬ್ಬ ಓಡಿಬಂದು ಯಾವ ಕುಕ್ಕರ್ ಎಂದು ಕೇಳಿ ಹೋದ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಭಕ್ತಿಗೀತೆಯೇ ಆಗಬೇಕೆಂದರು; ಪಕ್ಕದವರು ಸಿನಿಮಾ ಹಾಡು ಕೇಳಿದರು. ಹಸೆಮಣೆಯ ಮೇಲೆ ರಜನೀಶ್ ಬೆರಳುಗಳಿಂದ ಮಂಡಿ ಬಡಿಯುತ್ತ ಕುಳಿತಿದ್ದ. ಹುಡುಗನಿಗೆ ಭಯವೆಂದು ಹೆಂಗಸರು ಪಿಸುಗುಟ್ಟಿದರು.

ಐನೋರು ಕೈಯೆತ್ತಿ ಗಟ್ಟಿಮೇಳ ಎಂದು ಕೂಗಿದರು. ಮೇಷ್ಟ್ರು ಊದಿದರು.

ಮಂಟಪವಿಡೀ ಸ್ತಬ್ಧವಾಯಿತು. ಇಷ್ಟು ಜನ ತಮ್ಮನ್ನು ಕೇಳುತ್ತಿರುವುದು ಮೇಷ್ಟ್ರ ಜೀವನದಲ್ಲಿ ಇದೇ ಮೊದಲು. ಇದು ಮದುವೆ ಎಂಬುದು ಮರೆತುಹೋಯಿತು. ಧಾಟಿ ಬೆಳೆಯಿತು, ಬಳುಕಿತು, ಏರಿತು. ಏರಿದ ಕಡೆ, ಜಾಝಿನ ಧರ್ಮದಂತೆ, ಮೇಷ್ಟ್ರು ಒಂದು ಬಿಡುವು ಕೊಟ್ಟರು.

ಆ ಬಿಡುವಿನಲ್ಲಿ ಪರಮಶಿವಯ್ಯ ಸೀನಿದರು.

ಜೀವಮಾನವಿಡೀ ಕೊಬ್ಬರಿ ಧೂಳು ತಾಳಿಕೊಂಡಿದ್ದ ಮೂಗು ಊದುಬತ್ತಿಯ ಹೊಗೆಗೆ ಸೋತಿತ್ತು. ಮೈಕು ಅವರ ಕೈಯಲ್ಲೇ ಇತ್ತು. ಸೀನು ಮೂಲೆಮೂಲೆಯ ಸ್ಪೀಕರಿನಲ್ಲಿ ಸಿಡಿದು, ಹೊರಗೆ ಎಲೆ ಹಾಸುತ್ತಿದ್ದವರನ್ನೂ ತಲುಪಿತು. ತಾಳಿಯ ದಾರ ರಜನೀಶನ ಬೆರಳಲ್ಲೇ ಉಳಿಯಿತು.

“ಒಂಟಿ ಸೀನು,” ಎಂದರು ಶಿವಗಂಗಮ್ಮ.

ಸೀನಿದವರನ್ನು ಯಾರೂ ನೋಡಲಿಲ್ಲ. ಎಲ್ಲರೂ ಮೇಷ್ಟ್ರನ್ನು ನೋಡಿದರು. ಊದುವುದನ್ನು ನಿಲ್ಲಿಸಿದ್ದು ಯಾಕೆಂದು ಗಂಡಿನ ಕಡೆಯವರೊಬ್ಬರು ಕೇಳಿದರು. ಅದು ಬಿಡುವು, ಅದೂ ಸಂಗೀತದ ಭಾಗವೇ ಎಂದು ಆ ಹೊತ್ತಿನಲ್ಲಿ ವಿವರಿಸುವ ಧೈರ್ಯ ಮೇಷ್ಟ್ರಿಗೆ ಬರಲಿಲ್ಲ. ಮೇಲ್ಮನೆಯಷ್ಟೇ ಅಲ್ಲ, ಊರೇ ಕೈತಪ್ಪಿದಂತೆ ಕಂಡಿತು.

ಆಗ ಮದುಮಗ ಸೀನಿದ.

“ಜೋಡಿ ಸೀನು ಕಣ್ಲಾ,” ಶಿವಗಂಗಮ್ಮನವರ ಮುಖ ಅರಳಿತು. “ಸುಬ. ಕಟ್ಟಪ್ಪ, ಕಟ್ಟು.”

ತಾಳಿಯ ಗಂಟು ಬಿತ್ತು. ಆದರೆ ಮೇಷ್ಟ್ರು ಒಂದು ಸಂಗತಿ ಗಮನಿಸಿದ್ದರು. ಹುಡುಗನ ಮೂಗು ಒಣಗಿಯೇ ಇತ್ತು. ಸೀನು ಮಾತ್ರ ತಾಳ ಬೀಳಬೇಕಾದ ಜಾಗದಲ್ಲೇ, ಕೊಂಚ ತಡೆದು ಬಿದ್ದಿತ್ತು. ಸಂತೋಷದಿಂದ ಮತ್ತೆ ಊದಿದರು. ಅಷ್ಟರಲ್ಲಿ ನಾಲ್ಕೂ ಕಡೆಯಿಂದ ಬಿದ್ದ ಅಕ್ಷತೆಯ ಕಾಳು ರೆಕಾರ್ಡರಿನ ತೂತಿಗೆ ಸಿಕ್ಕಿ, ಧಾಟಿ ಕೀರಲು ದನಿಯಲ್ಲಿ ಸತ್ತಿತು. ಕೊನೆ ಈ ಸಲವೂ ಬರಲಿಲ್ಲ.

ಊಟದ ಪಂಕ್ತಿಗೆ ಪರಮಶಿವಯ್ಯ ಅಳಿಯನನ್ನು ಕರೆದುಕೊಂಡೇ ಬಂದರು. ರಜನೀಶ್ ಬಗ್ಗಿ, “ಸೀನು ಸರಿಯಾಗ್ ಬಿತ್ತಾ ಸಾ?” ಎಂದು ಕೇಳಿದ. ಕಾಲೇಜಿನಿಂದಲೂ ಡ್ರಮ್ಸ್ ನುಡಿಸುವವನಂತೆ. ಹಾಸನದ ಮನೆಯಲ್ಲಿ ಬಾರಿಸಲು ಬಿಡುವುದಿಲ್ಲವಂತೆ. ಮೇಷ್ಟ್ರು ಕೈಯಲ್ಲಿದ್ದ ತುತ್ತನ್ನು ಎಲೆಗೇ ಇಳಿಸಿದರು. ಕೊನೆಗೂ ಕೇಳುವ ಒಂದು ಜೊತೆ ಕಿವಿ, ಅದೂ ಮಾಲೀಕರ ಅಳಿಯನದೇ.

“ನೀವೇಳಿದ್ದು ದಿಟ ಮೇಷ್ಟ್ರೇ,” ಎಂದರು ಪರಮಶಿವಯ್ಯ. “ಅದೂ ಸಂಗೀತನೇಯಂತೆ, ನಮ್ಮಳಿಯಂದ್ರೂ ಅಂದ್ರು. ಇನ್ಮ್ಯಾಕೆ ಮೇಲ್ಮನೇಲಿ ಎಷ್ಟೊತ್ನಲ್ಲಾದ್ರೂ ಬಾರಿಸ್ಕೊಳ್ಲಿ, ಊದ್ಲಿ, ನಂದೇನೂ ಇಲ್ಲ.”

ಮೇಷ್ಟ್ರು ಎಂಜಲು ಕೈಯಲ್ಲೇ ನಮಸ್ಕರಿಸಲು ಹೊರಟರು.

“ಮಾನಸಾನೂ ಅಳಿಯಂದ್ರೂ ಅಲ್ಲೇ ಇರ್ತಾರೆ. ನೀವು ತಿಂಗ್ಳ ಕೊನೆಗೆ ಖಾಲಿ ಮಾಡುದ್ರೆ ಸಾಕು.”

ಮೇಷ್ಟ್ರು ಬಾಯಿ ತೆರೆದು ಏನೋ ಅಂದರು. ಅದೇ ಗಳಿಗೆಗೆ ಹಿರೀಸಾವೆಯ ವ್ಯಾನು ಬಂದು ನಿಂತು, ತಡವಾದ ನಾಚಿಕೆಗೆ ಓಲಗದವರು ಬಾಗಿಲಲ್ಲೇ ಗಟ್ಟಿಮೇಳ ಮೊಳಗಿಸಿದರು. ಕೆಟ್ಟ ಮಾತು ಯಾರ ಕಿವಿಗೂ ಬೀಳಲಿಲ್ಲ.