ಬಾಣದ ಗುರುತು ಹಿಡಿದು ಬೆಟ್ಟಕ್ಕೆ

ಅಳತೆಯ ಟೇಪು ಹಿಡಿದು ಹಳ್ಳಿಗೆ ಹೋದವನಿಗೆ ಏನೂ ಆಗದೆ ಸಂಜೆಯಾಗುವುದಿಲ್ಲ. ನಾನು ಮೂರು ತಿಂಗಳು ಹೋದೆ. ಆದದ್ದರಲ್ಲಿ ನಾಲ್ಕನ್ನು ಮಾತ್ರ ಬರೆಯುತ್ತೇನೆ. ಉಳಿದದ್ದನ್ನು ನೀವು ನಂಬುವುದಿಲ್ಲ.

ಆಗ ಯುದ್ಧದ ಕಾಲ. ಬಿ.ಎಸ್ಸಿ. ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿ ಕೂತಿದ್ದೆ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಭಾನುವಾರದ ದಿನ ಬೆಟ್ಟ ಹತ್ತುವವರ ಸಂಘವೊಂದಿತ್ತು. ಅದರ ಕಾರ್ಯದರ್ಶಿಗಳು ನಿವೃತ್ತ ಎಂಜಿನಿಯರು. ಒಂದು ಹೈಸ್ಕೂಲಿನ ಆಡಳಿತವೂ ಅವರ ಕೈಯಲ್ಲೇ. ನನ್ನನ್ನು ಕರೆಸಿ ಹೇಳಿದರು:

"ದೊಡ್ಡಬಳ್ಳಾಪುರದ ಆಚೆ ಒಂದು ಬೆಟ್ಟ ಇದೆ. ತುದಿಯವರೆಗೆ ಕಾಲುದಾರಿ ಅಳೆದು ನಕ್ಷೆ ಬರಿ. ದಾರಿಯುದ್ದಕ್ಕೂ ಬಂಡೆ ಮೇಲೆ ಸುಣ್ಣದಲ್ಲಿ ಬಾಣ ಹಾಕು. ನಾನೊಬ್ಬನೇ ಬಂದು, ಯಾರನ್ನೂ ದಾರಿ ಕೇಳದೆ, ಬಾಣ ನೋಡಿಕೊಂಡೇ ನಡೀತೀನಿ. ಸರಿಯಾಗಿದ್ದರೆ ಜೂನ್‌ನಿಂದ ನೀನು ನಮ್ಮ ಸೈನ್ಸ್ ಮೇಷ್ಟ್ರು. ತಪ್ಪಿದರೆ ನನ್ನ ಹತ್ತಿರ ಇನ್ನೂ ಏಳು ಅರ್ಜಿ ಇವೆ."

ನಾನು ಮಾರನೆಯ ದಿನವೇ ರೈಲು ಹತ್ತಿದೆ.

೧. ಕೂಗಳತೆ

ಬೆಟ್ಟದ ಬುಡದ ಹಳ್ಳಿಯಲ್ಲಿ ಪಟೇಲರನ್ನು ಕೇಳಿದೆ: "ತುದಿ ಎಷ್ಟು ದೂರ?"

"ನಾಲ್ಕು ಕೂಗಳತೆ."

ನನಗೆ ದಾರಿ ತೋರಿಸಲು ಅವರು ಗೊತ್ತುಮಾಡಿದ್ದ ಕುರಿ ಕಾಯುವ ತಾತ ಪಕ್ಕದಲ್ಲಿದ್ದ. "ಐದು," ಎಂದ.

ಒಬ್ಬ ಕೂಗಿದರೆ ಎಷ್ಟು ದೂರ ಕೇಳುತ್ತದೋ ಅದು ಒಂದು ಕೂಗಳತೆ. ಅದು ಎಷ್ಟು ಗಜ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಪ್ರಯೋಗ ಮಾಡುವುದೆಂದು ತೀರ್ಮಾನಿಸಿದೆ. ತಾತ ಊರಂಚಿನಲ್ಲಿ ನಿಂತು ಕೂಗುತ್ತಿರಬೇಕು. ನಾನು ಹೆಜ್ಜೆ ಎಣಿಸುತ್ತ ದೂರ ಹೋಗಬೇಕು. ಕೂಗು ಕೇಳದಾದ ಕಡೆ ನಿಲ್ಲಬೇಕು.

"ಏನಂತ ಕೂಗ್ಲಿ ಸ್ವಾಮಿ?"

"ಏನಾದರೂ ಕೂಗು."

"ಸುಮ್‌ಸುಮ್ನೆ ಹೆಂಗ್ ಕೂಗಾದು? ಗಂಟ್ಲು ಏಳಾಕಿಲ್ಲ. ಕಾರಣ ಬೇಕು."

"ಹಿಂದೆ ಯಾವಾಗಲಾದರೂ ಜೋರಾಗಿ ಕೂಗಿರುತ್ತೀಯಲ್ಲ, ಆಗ ಏನಂದೆಯೋ ಅದನ್ನೇ ಕೂಗು."

ತಾತ ಎದೆ ತುಂಬ ಉಸಿರು ತೆಗೆದುಕೊಂಡ. "ಚಿರ್ತೆ! ಚಿರ್ತೆ ಬಂತ್ರಪ್ಪೋ!"

ಗಂಟಲು ಚೆನ್ನಾಗಿಯೇ ಎದ್ದಿತ್ತು. ನಾನು ಎಣಿಸುತ್ತ ನಡೆದೆ. ಸ್ವಲ್ಪ ಹೊತ್ತಿಗೆ ಎರಡು ಹಳ್ಳಿಯ ಗಂಡಸರು ದೊಣ್ಣೆ, ಕುಡುಗೋಲು ಹಿಡಿದು ಓಡಿಬಂದರು. ಕೂಗಿನಿಂದ ದೂರ ಓಡುತ್ತಿರುವಂತೆ ಕಂಡವನು ನಾನೊಬ್ಬನೇ. ಒಬ್ಬ ನನ್ನ ಭುಜ ಹಿಡಿದು ಅಲ್ಲಾಡಿಸಿದ.

"ಎಷ್ಟವೆ? ಒಂದಾ, ಜೋಡಿನಾ?"

ಎಣಿಕೆ ತಪ್ಪಿದರೆ ಮತ್ತೆ ಮೊದಲಿಂದ ಶುರು ಮಾಡಬೇಕು. "ಆರುನೂರ ಹನ್ನೊಂದು," ಎಂದೆ.

ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು.

"ಲೇ, ಅಷ್ಟೊಂದಕ್ಕೆ ದೊಣ್ಣೆ ಸಾಲಲ್ಲ ಕಣ್ರಲಾ," ಎಂದ ಅವನು. "ನಡೀರಿ, ಬಾಗ್ಲಾಕ್ಕೊಳ್ಳಾವ!"

೨. ಹೊಳೆ ದಾಟುವ ಬಗೆ

ಸಂಘದವರು ಒಂದು ಅಚ್ಚಾದ ನಮೂನೆ ಕೊಟ್ಟಿದ್ದರು. ಅದರಲ್ಲಿ ಹೀಗಿತ್ತು: "ಹೊಳೆ ದಾಟುವ ಬಗೆ: ಸೇತುವೆ / ದೋಣಿ / ಈಜು. ಬೇಡದ್ದನ್ನು ಹೊಡೆದುಹಾಕಿ."

ಸರ್ಕಾರದ ಹಳೆಯ ನಕ್ಷೆಯ ಪ್ರಕಾರ ಊರಿಗೂ ಬೆಟ್ಟಕ್ಕೂ ನಡುವೆ ಹೊಳೆಯಿತ್ತು. ತಾತನೂ ನಾನೂ ಬಿಸಿಲಲ್ಲಿ ಅರ್ಧ ಗಂಟೆ ನಡೆದೆವು. ಹೊಳೆ ಸಿಗಲಿಲ್ಲ. ಮರಳಿನ ಮೇಲೆ ನಿಂತು ಕೇಳಿದೆ:

"ಹೊಳೆ ಇನ್ನೂ ಎಷ್ಟು ದೂರ ತಾತ?"

"ನಿಂತಿದೀರಲ್ಲ ಸ್ವಾಮಿ."

ಬಗ್ಗಿ ನೋಡಿದೆ. ಮರಳಿನ ತುಂಬ ಸೌತೆಬಳ್ಳಿ. ಹೊಳೆಯ ನಟ್ಟನಡುವೆ ಒಬ್ಬ ಹೆಂಗಸು ಕೂತು ಕಾಯಿ ಕೀಳುತ್ತಿದ್ದಳು.

"ಅಮ್ಮಾ, ಇಲ್ಲಿ ಜನ ಹೊಳೆ ಹೇಗೆ ದಾಟುತ್ತಾರೆ?"

"ನಿನ್ನಂಗಲ್ಲ," ಎಂದಳು. "ಕಾಲೆತ್ತು ಮೊದ್ಲು!"

ಕಾಲೆತ್ತಿದೆ. ಅಡಿಯಲ್ಲಿ ಎರಡು ಮಿಡಿ ಜಜ್ಜಿಹೋಗಿದ್ದವು.

ನಮೂನೆಯಲ್ಲಿ ಸೇತುವೆ, ದೋಣಿ, ಈಜು ಮೂರನ್ನೂ ಹೊಡೆದುಹಾಕಿದೆ. ಜಾಗ ಖಾಲಿ ಬಿಡಬಾರದೆಂಬ ನಿಯಮವಿತ್ತು. "ಬಳ್ಳಿ ತುಳಿಯದಂತೆ" ಎಂದು ಬರೆದೆ.

೩. ಐವತ್ತೇಳು

ಹದಿನೈದು ದಿನದಲ್ಲಿ ನಲವತ್ತೆರಡು ಬಾಣ ಬರೆದೆ. ಪ್ರತಿಯೊಂದಕ್ಕೂ ಪುಸ್ತಕದಲ್ಲಿ ಸಂಖ್ಯೆ, ದಿಕ್ಕು, ಬಂಡೆಯ ಆಕಾರ. ಮನೆಗೆ ಹೋಗಿ ಎಂಟು ದಿನ ಬಿಟ್ಟು ಬಂದು ಎಣಿಸಿದರೆ ಐವತ್ತೇಳು ಇದ್ದವು.

ವಸ್ತುವನ್ನು ಸೃಷ್ಟಿಸುವುದಕ್ಕಾಗುವುದಿಲ್ಲ ಎಂದು ಕಾಲೇಜಿನಲ್ಲಿ ಓದಿದ್ದೆ. ಮತ್ತೊಮ್ಮೆ ಎಣಿಸಿದೆ. ಐವತ್ತೇಳೇ. ನಾನು ಬರೆದವುಗಳಲ್ಲಿ ಉಳಿದಿದ್ದವು ಒಂಬತ್ತು. ಹೊಸದರಲ್ಲಿ ಒಂದು ಬಾಣ ನೇರವಾಗಿ ಒಂದು ಬಾವಿಯೊಳಕ್ಕೆ ದಾರಿ ತೋರಿಸುತ್ತಿತ್ತು.

ತಾತ ವಿಷಯ ಬಿಡಿಸಿ ಹೇಳಿದ. "ಏರೋಪ್ಲೇನ್ ಇಳ್ಸಾಕೆ ಸರ್ಕಾರದೋರು ಜಮೀನ್ ತಗೋತಾರಂತೆ. ಬಾಣ ಬಿದ್ದಿರೋ ಹೊಲ ಹೋದಂಗೇಯ ಅಂತ ಸುದ್ದಿ. ಅದ್ಕೇ ಎಲ್ರೂ ತಮ್ ಹೊಲದ್ ಬಾಣ ಉಜ್ಜಾಕಿ, ಪಕ್ಕದೋನ್ ಹೊಲಕ್ಕೆ ಬಳೀತಾವ್ರೆ."

"ಬಾವಿಯದು?"

"ಅವ್ರು ಅಣ್ತಮ್ಮಂದ್ರು. ಭಾಗ ಆಗೈತೆ."

ಪಟೇಲರಿಗೆ ದೂರು ಕೊಟ್ಟೆ. ಅವರು ಕೆಂಡವಾದರು. "ನಮ್ಮೂರಲ್ಲಿ ಅಂಥ ಕೆಲ್ಸ ಮಾಡೋರು ಒಬ್ಬರೂ ಇಲ್ಲ ಸ್ವಾಮಿ! ದೇವರಾಣೆ!" ಎಂದು ಬಲಗೈ ಮೇಲೆತ್ತಿದರು.

ಆ ಕೈ ಮೊಣಕೈವರೆಗೆ ಸುಣ್ಣವಾಗಿತ್ತು. ನಾನು ನೋಡಿದೆ. ಅವರೂ ನೋಡಿಕೊಂಡರು.

"ಎಲೆ ಅಡಿಕೆಗೆ," ಎಂದರು.

೪. ತುದಿ

ಕಾರ್ಯದರ್ಶಿಗಳು ಬರುವ ಭಾನುವಾರ ಹತ್ತಿರವಾಯಿತು. ಹಿಂದಿನ ದಿನ ಬೆಳಿಗ್ಗೆ ಊರವರನ್ನೆಲ್ಲ ಅರಳಿಕಟ್ಟೆಗೆ ಕರೆಸಿದೆ.

"ಏರೋಪ್ಲೇನು ಬರುವುದಿಲ್ಲ. ಯಾರ ಹೊಲವೂ ಹೋಗುವುದಿಲ್ಲ. ಪೇಟೆಯ ಜನ ಬೆಟ್ಟ ನೋಡಲು ನಡೆದುಕೊಂಡು ಬರುತ್ತಾರೆ, ಅಷ್ಟೆ. ಅವರಿಗೆ ಹಸಿವು, ಬಾಯಾರಿಕೆ ಇರುತ್ತೆ. ದಾರಿಯಲ್ಲಿ ಸಿಕ್ಕ ಮನೆಯಲ್ಲಿ ಮಜ್ಜಿಗೆ ಕೇಳಬಹುದು."

ಕೊನೆಯ ವಾಕ್ಯ ಹೇಳಬಾರದಿತ್ತು. "ಬಾಣ ಯಾರ ಮನೆ ಮುಂದೆ ಹೋಯ್ತದೆ?" ಎಂದು ಒಬ್ಬಾಕೆ ಮೆಲ್ಲಗೆ ಕೇಳಿದಳು.

ನಾನು ಸಂಜೆಯೊಳಗೆ ಊರವರ ಬಾಣಗಳನ್ನು ಅಳಿಸಿ, ನನ್ನ ನಲವತ್ತೆರಡನ್ನೂ ಹೊಸದಾಗಿ ಬರೆದೆ. ಭಾನುವಾರ ಕತ್ತಲಲ್ಲೇ ಹೊರಟು, ಬೆಳಕಾಗುವಾಗ ಬೆಟ್ಟದ ತುದಿಗೆ ಹೋಗಿ ಕೂತೆ. ಅಲ್ಲಿ ಕಾಯಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿತ್ತು.

ಎಂಟಕ್ಕೆ ಜಟಕಾ ಬಂತು. ಬಿಳಿ ಹ್ಯಾಟೊಂದು ಇಳಿಯಿತು. ಮೊದಲ ಬಾಣದ ಹತ್ತಿರ ನಿಂತು, ತಿರುಗಿ, ನೇರವಾಗಿ ಒಂದು ಮನೆಯೊಳಕ್ಕೆ ಹೋಯಿತು. ಕಾಲು ಗಂಟೆಯ ಮೇಲೆ ಹೊರಗೆ ಬಂದು ಎದುರುಮನೆಗೆ ಹೋಯಿತು. ಅಲ್ಲಿಂದ ಮೂರನೆಯದಕ್ಕೆ. ಬಂಡೆಯ ಅಂಚಿನಲ್ಲಿ ಬಗ್ಗಿ ಕೈ ಬೀಸಿದೆ, ಕೂಗಿದೆ. ಕೇಳಲಿಲ್ಲ. ಹನ್ನೊಂದಾದರೂ ಹ್ಯಾಟು ಊರು ಬಿಟ್ಟಿರಲಿಲ್ಲ. ಹನ್ನೆರಡಕ್ಕೆ ಅದು ಪಟೇಲರ ಮನೆ ಹೊಕ್ಕಿತು. ಮತ್ತೆ ಬರಲೇ ಇಲ್ಲ.

ನನ್ನ ಕೆಲಸ ಹೋಯಿತು ಎಂದುಕೊಂಡೆ. ಕಡಿದಾದ ಬಂಡೆಯನ್ನು ಕೂತುಕೊಂಡೇ ಜಾರಿ ಓಡಿಬಂದೆ.

ಕಾರ್ಯದರ್ಶಿಗಳು ಪಟೇಲರ ಜಗಲಿಯ ಮೇಲೆ ಬೆಲ್ಟು ಸಡಿಲಿಸಿ ಮಲಗಿದ್ದರು. ಪಕ್ಕದಲ್ಲಿ ಉಂಡ ಎಲೆ. ಪಟೇಲರು ಬೀಸಣಿಗೆ ಬೀಸುತ್ತಿದ್ದರು.

"ಬಾರಯ್ಯಾ," ಎಂದರು ಕಾರ್ಯದರ್ಶಿಗಳು ಕಣ್ಣು ಮುಚ್ಚಿಯೇ. "ಭೇಷಾಗಿದೆ ದಾರಿ. ಒಂದು ಕಡೆಯೂ ತಪ್ಪಲಿಲ್ಲ. ಒಂಬತ್ತು ಮನೆ ಮಜ್ಜಿಗೆ, ಎರಡು ಕಡೆ ಕೋಡುಬಳೆ, ಇಲ್ಲಿ ಮುದ್ದೆ, ಅವರೆಕಾಳು ಸಾರು. ಇಂಥ ದಾರೀನ ನಾನು ನೀಲಗಿರೀಲೂ ಕಂಡಿಲ್ಲ."

"ಸಾರ್, ತುದಿ..."

"ಇದೇ ತುದಿ. ಕೊನೇ ಬಾಣ ಇಲ್ಲೇ ಇದೆ."

"ಹೌದು ಬುದ್ಧಿ, ಇಲ್ಲೇ," ಎಂದರು ಪಟೇಲರು, ನನ್ನ ಕಡೆ ನೋಡದೆ.

ಸುಳ್ಳು ಹೇಳಿದರೆ ಕೆಲಸ ಸಿಗುತ್ತಿತ್ತು. ಆದರೆ ಮೂರು ತಿಂಗಳು ಅಳೆದದ್ದು ನಾನು. ಅವರನ್ನು ಎಬ್ಬಿಸಿ ಕೂರಿಸಿ, ಎದುರಿಗೆ ಕೈ ತೋರಿಸಿದೆ. "ಸಾರ್, ಕ್ಷಮಿಸಬೇಕು. ಬೆಟ್ಟ ಅಲ್ಲಿದೆ."

ಕಾರ್ಯದರ್ಶಿಗಳು ಬೆಟ್ಟವನ್ನು ಬುಡದಿಂದ ತುದಿಯವರೆಗೆ ಬಹಳ ಹೊತ್ತು ನೋಡಿದರು. ಹೊಟ್ಟೆಯ ಮೇಲೆ ಕೈಯಾಡಿಸಿದರು. ಆಮೇಲೆ ನಕ್ಷೆ ತರಿಸಿಕೊಂಡು, ಕನ್ನಡಕ ಹಾಕಿಕೊಂಡು, ಅದನ್ನೂ ನೋಡಿದರು.

"ಬಾಣವೆಲ್ಲ ಸರಿಯಾಗಿದೆ," ಎಂದರು. "ಬೆಟ್ಟ ದಾರಿ ಬಿಟ್ಟು ಪಕ್ಕಕ್ಕೆ ಹೋಗಿದೆ. ನಕ್ಷೆಯಿಂದ ಅದನ್ನು ತೆಗೆದುಬಿಡು. ಜೂನ್ ಒಂದನೇ ತಾರೀಖು ಶಾಲೆಗೆ ಬಾ."