ಸೀರೆಯ ಮಡಿಕೆಯಲ್ಲಿ ಗುಡ್ ಮಾರ್ನಿಂಗ್

ಯಾವುದನ್ನೂ ಎಸೆಯಲಾರದ ರೋಗ ನನಗೆ ಹುಟ್ಟಿನಿಂದಲೇ ಇದೆ. ಚಳ್ಳಕೆರೆಯ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಗೋಂದು ಹಚ್ಚುವ ಕೆಲಸ ಸಿಕ್ಕ ಮೇಲೆ ಆ ರೋಗಕ್ಕೆ ಸಂಬಳವೂ ಬರತೊಡಗಿತು. ಹೀಗಿರುವಾಗ ನನ್ನ ಫೋನು ತುಂಬಿ, ಉಸಿರುಗಟ್ಟಿ ನಿಂತಿತು. ರಿಪೇರಿ ಅಂಗಡಿಯ ದಾದಾಪೀರ್ ಸಾಬರು ತಿರುವಿ ನೋಡಿ, ಬರೀ ಗುಡ್ ಮಾರ್ನಿಂಗ್ ಚಿತ್ರಗಳೇ ಇವೆ, ಅಳಿಸಿಬಿಡಲೇ ಎಂದರು. ತಡೀರಿ ಎಂದು ಕೈ ಅಡ್ಡ ಹಿಡಿದೆ. ಗುಲಾಬಿಯ ಮೇಲೆ ಕೂತ ಗಣಪತಿ, ಹತ್ತು ಜನಕ್ಕೆ ಕಳಿಸದಿದ್ದರೆ ಕೇಡು ಎಂದು ಹೆದರಿಸುವ ನಾಗಪ್ಪ, ಪರಶುರಾಂಪುರದ ನನ್ನ ಷಡ್ಡಕ ಈರುಳ್ಳಿ ರಾಶಿಯ ಮುಂದೆ ಕುಣಿದ ರೀಲ್ಸು, ಇವೆಲ್ಲ ಹೋದರೆ ಮುಂದಿನವರು ನಮ್ಮ ಕಾಲವನ್ನು ಅರಿಯುವುದು ಹೇಗೆ? ಎಲ್ಲವನ್ನೂ ಒಂದು ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡೆ. ಆಮೇಲಷ್ಟೇ ಸಾಬರು ಫೋನನ್ನು ಖಾಲಿ ಮಾಡಿದರು.

ಉಗುರಿನಷ್ಟು ಕಾರ್ಡು. ಇಡುವುದೆಲ್ಲಿ? ಹೆಂಡತಿ ಶಾರದೆಯ ಮದುವೆ ಸೀರೆ ನೆನಪಾಯಿತು. ಮೊಳಕಾಲ್ಮೂರಿನ ಮಗ್ಗದಲ್ಲಿ ನಮ್ಮ ಮಾವನವರೇ ಕೂತು ನೇಯ್ದದ್ದು. ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಕಾರ್ಡನ್ನು ಚೀಟಿಯಲ್ಲಿ ಸುತ್ತಿ, ‘ಮುಂದಿನ ಪೀಳಿಗೆಗೆ’ ಎಂದು ಬರೆದು ಅದರ ಮಡಿಕೆಯೊಳಗೆ ತೂರಿಸಿದೆ.

ಒಂದು ತಪ್ಪೊಪ್ಪಿಗೆ. ಅಳಿಯ ಹೋದಾಗಲೆಲ್ಲ ಮಾವನವರು ಸ್ವಂತ ಕೈಯಿಂದ ಉಪ್ಪಿಟ್ಟು ಮಾಡುತ್ತಾರೆ. ಒಮ್ಮೆ ಅದನ್ನುಂಡು ಬಸ್ಸು ಹತ್ತಿದವನು ಗೆಳೆಯನಿಗೆ ವಾಯ್ಸ್ ಮೆಸೇಜ್ ಹಾಕಿದೆ: “ಲೇ, ನಮ್ಮ ಮಾವನ ಉಪ್ಪಿಟ್ಟು ಇದ್ರೆ ಮನೆ ಕಟ್ಟಾಕೆ ಸಿಮೆಂಟು ಬ್ಯಾಡ ಕಣಲೇ.” ಅದು ಹೋಗಿ ಬಿದ್ದದ್ದು ಹೆಂಡತಿ ಮನೆಯವರ ಗ್ರೂಪಿಗೆ. ಯಾರೂ ಕೇಳುವ ಮೊದಲೇ ಅಳಿಸಿದೆ. ಆದರೂ ನನ್ನ ಬಳಿ ಒಂದು ಪ್ರತಿ ಇಟ್ಟುಕೊಂಡೆ, ಕಾರ್ಡಿಗೆ ಅದೂ ಸೇರಿತ್ತು; ಇತಿಹಾಸ ಕಾಯುವವನು ತನ್ನ ತಪ್ಪನ್ನು ಮುಚ್ಚಿಡಬಾರದೆಂದು ಆಗ ಬಲವಾಗಿ ನಂಬಿದ್ದೆ.

ನೇಕಾರರ ಮಗಳಿಗೆ ಗೊತ್ತಿದ್ದ ಒಂದು ವಿಷಯ ನನಗೆ ಗೊತ್ತಿರಲಿಲ್ಲ. ರೇಷ್ಮೆ ಸೀರೆ ಬಹಳ ದಿನ ಒಂದೇ ಮಡಿಕೆಯಲ್ಲಿದ್ದರೆ ಆ ಗೆರೆಯಲ್ಲೇ ಬಿರಿಯುತ್ತದಂತೆ. ಆಗಾಗ ಬಿಚ್ಚಿ, ಗಾಳಿಗೆ ಹರವಿ, ಬೇರೆ ಕಡೆ ಮಡಿಸಬೇಕಂತೆ. ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಬೀರುವಿನಲ್ಲಿ ಸೀರೆಯಿರಲಿಲ್ಲ. ಅಂಚಿನ ಎಳೆ ಎದ್ದಿದೆಯೆಂದು ಶಾರದೆ ಅದನ್ನು ತವರಿಗೆ ಒಯ್ದಿದ್ದಳು. ಉಣ್ಣದೆ ಬಸ್ಸು ಹತ್ತಿದೆ. ಆ ಮನೆಯಲ್ಲಿ ಯಾರ ಫೋನಿಗೂ ಕಾರ್ಡು ಹಿಡಿಯದಿರಲಪ್ಪಾ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಮಾವನವರದು ಹಳೇ ಫೋನು, ಹಿಡಿಯಿತು.

ಮಾವನವರಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. ಅಂದು ಮಗ್ಗದ ಪಕ್ಕ ಕೂತು ಕನ್ನಡದಲ್ಲೇ ಮಾತಾಡಿದರು. ನನಗೆ ಇನ್ನೂ ಹೆದರಿಕೆಯಾಯಿತು. “ಗುಡ್ ಮಾರ್ನಿಂಗ್ ಎಲ್ಲಾ ಅಳಿಸ್ಬಿಟ್ಟೆ ಅಳಿಯಂದ್ರೆ, ಸುಮ್ನೆ ಕಸ. ನಿಮ್ಮ ದನಿ ಒಂದು ಉಳಿಸೀನಿ. ಮೊಮ್ಮಕ್ಕಳು ಕೇಳ್ಬೇಕಲ್ಲ” ಎಂದು, ಕಾರ್ಡನ್ನು ರೇಷ್ಮೆ ತುಂಡಿನಲ್ಲಿ ಸುತ್ತಿ ಕೊಟ್ಟು, ಎದ್ದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ರವೆ ಹುರಿಯುವ ವಾಸನೆ ಬಂತು.

ಎರಡು ತಟ್ಟೆ ತಿಂದೆ. ಈಗ ಕಾರ್ಡು ಮತ್ತೆ ಸೀರೆಯ ಮಡಿಕೆಯಲ್ಲಿದೆ. ಶಾರದೆ ಆಗಾಗ ಸೀರೆಯನ್ನು ಮಡಿಕೆ ಬದಲಿಸಿ ಇಡುತ್ತಾಳೆ, ಹಾಗೇ ಕಾರ್ಡನ್ನೂ ಫೋನಿಗೆ ಹಾಕಿ ಒಮ್ಮೆ ನನಗೆ ಕೇಳಿಸುತ್ತಾಳೆ, ಕೆಡಬಾರದಲ್ಲ ಎಂದು.