ಬೇಕಪ್ಪನ ದೀಪ

ಆದದ್ದು ಇಷ್ಟೇ. ಆ ಶನಿವಾರ ಬೆಳಿಗ್ಗೆ ಬೇಕಪ್ಪನ ಮೇಜಿನ ಮೇಲಿನ ದೀಪ ಹತ್ತಲಿಲ್ಲ. ದೀಪ ಹತ್ತದಿದ್ದರೆ ಬೇರೆಯವರು ಬಲ್ಬು ಬದಲಾಯಿಸುತ್ತಾರೆ, ಬೇಕಪ್ಪ ಮಾತ್ರ ಅದರ ಮುಂದೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟ.

ಮೊದಲು ಹೆಸರಿನ ವಿಚಾರ ಹೇಳಿಬಿಡಬೇಕು. ಅಪ್ಪ ಅಮ್ಮ ಇಟ್ಟ ಹೆಸರು ಅದಲ್ಲ. ಅವನು ಕಂಪನಿಯೊಂದರಲ್ಲಿ ಡೇಟಾಬೇಸ್ ಕಾಯುವ ಇಂಜಿನಿಯರು. ಯಾವುದನ್ನೂ ಒಂದೇ ಒಂದು ಇಟ್ಟುಕೊಂಡು ಗೊತ್ತಿಲ್ಲದ ಪ್ರಾಣಿ. ಕೊಡೆ ಎರಡು, ಕನ್ನಡಕ ಎರಡು, ಚಾರ್ಜರ್ ಎರಡು, ಬಾಗಿಲ ಕೀಲಿಗೆ ಮೂರು ನಕಲು. ಹಾಗಾಗಿ ಆಫೀಸಿನಲ್ಲಿ ಎಲ್ಲರೂ ಅವನನ್ನು ‘ಬ್ಯಾಕಪ್’ ಅನ್ನುತ್ತಿದ್ದರು. ಒಬ್ಬ ಒಮ್ಮೆ ಬೀದಿಯಲ್ಲಿ ನಿಂತು ಹಾಗೆ ಕೂಗಿದ್ದು ಕೆಳಗಿನ ಮನೆಯೊಡತಿಯ ಕಿವಿಗೆ ಬೇಕಪ್ಪ ಎಂದು ಬಿತ್ತು. ಆವತ್ತಿನಿಂದ ಇಡೀ ಕಟ್ಟಡಕ್ಕೆ ಅವನು ಬೇಕಪ್ಪನೇ. ಇದನ್ನು ಫೋನಿನಲ್ಲಿ ಕೇಳಿ ಹೆಂಡತಿ ಬಿದ್ದು ಬಿದ್ದು ನಕ್ಕಿದ್ದಳು. “ಸರಿಯಾಗೇ ಇಟ್ಟಿದಾರೆ ಬಿಡು. ನಿಂಗೆ ಎಲ್ಲಾ ಎರಡೆರಡು ಬೇಕಪ್ಪ. ಹೆಂಡ್ತಿ ಒಬ್ಬಳು ಪಕ್ಕದಲ್ಲಿರಬೇಕು ಅನ್ನೋದು ಮಾತ್ರ ಬೇಕಾಗಿಲ್ಲ.”

ಬೇಕಾಗಿಲ್ಲವೆಂದರೆ ಅದು ಶುದ್ಧ ಸುಳ್ಳು. ಅವಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ್ದು ರೈಲಿನಲ್ಲಿ ಆರೇಳು ಗಂಟೆ ದೂರದ ಊರಿನಲ್ಲಿ. ಮದುವೆಯಾದ ಮೇಲೆ ಇಬ್ಬರೂ ಒಟ್ಟಿಗೆ ಕೂತು ಉಂಡದ್ದಕ್ಕಿಂತ ರೈಲಿನ ಕಿಟಕಿಯಲ್ಲಿ ಕೈ ಬೀಸಿದ್ದೇ ಹೆಚ್ಚು. ಬೇಕಪ್ಪನಿಗೆ ಬಾಯಲ್ಲಿ ಹೇಳಲು ಬಾರದ್ದನ್ನೆಲ್ಲ ವೈರಿನಲ್ಲಿ ಕಟ್ಟುವ ಅಭ್ಯಾಸ. ಅಂಗೈಯಗಲದ ಎರಡು ಪುಟ್ಟ ಕಂಪ್ಯೂಟರ್ ತಂದು, ಅವಕ್ಕೆ ಲಿನಕ್ಸ್ ತಂತ್ರಾಂಶ ತುಂಬಿ, ಒಂದು ಜೊತೆ ದೀಪ ಮಾಡಿದ್ದ. ಅವಳು ಅಲ್ಲಿ ತನ್ನ ದೀಪದ ಗುಂಡಿ ಒತ್ತಿದರೆ ಇಲ್ಲಿ ಅವನದು ಹತ್ತುತ್ತದೆ. ಅವನು ಒತ್ತಿದರೆ ಅವಳದು. ಮತ್ತೊಮ್ಮೆ ಒತ್ತಿದರೆ ಆರುತ್ತದೆ. ಹತ್ತಿದೆ ಎಂದರೆ ಇದ್ದೇನೆ ಎಂದರ್ಥ, ಅಷ್ಟೇ.

“ಇನ್ನೊಂದು ಬಣ್ಣ ಇಡೋ,” ಎಂದಿದ್ದಳು ಅವಳು. “ಹಳದಿ ಅಂದ್ರೆ ಇದೀನಿ. ಕೆಂಪು ಅಂದ್ರೆ ಬಾ.”

“ನೋಡೋಣ,” ಎಂದಿದ್ದ ಬೇಕಪ್ಪ. “ಮುಂದಿನ ವರ್ಷನ್‌ನಲ್ಲಿ ಹಾಕ್ತೀನಿ.”

ಈ ‘ನೋಡೋಣ’ವೇ ಅವನ ಶನಿ. ವಾರದ ಮೊದಲಲ್ಲಿ ಅವಳು ಫೋನ್ ಮಾಡಿದಾಗ ಅವನು ಆಫೀಸಿನ ಯಾವುದೋ ತೊಡಕು ಬಿಡಿಸುತ್ತ ಪರದೆಯೊಳಗೆ ಮುಳುಗಿದ್ದ. “ಯಾವಾಗ ಬರ್ತೀಯ?” ಎಂದಳು. “ನೋಡೋಣ,” ಎಂದ. “ನಾನು ನಿಂಗೆ ನೆನಪಾದ್ರೂ ಆಗ್ತೀನಾ?” ಎಂದಳು. ಬೆರಳು ಕೀಲಿಮಣೆಯ ಮೇಲಿತ್ತು, ಬಾಯಿ ತನ್ನ ಪಾಡಿಗೆ ತಾನು “ನೋಡೋಣ” ಎಂದುಬಿಟ್ಟಿತು.

ಆಮೇಲೆ, “ಸರಿ. ನೋಡ್ತಾನೇ ಇರು. ಇನ್ನು ನೀನೂ ಫೋನ್ ಮಾಡ್ಬೇಡ, ನಾನೂ ಮಾಡಲ್ಲ. ದೀಪ ಹತ್ತಿದ್ರೆ ಬದುಕಿದಾಳೆ ಅಂದ್ಕೋ,” ಎಂದು ಇಟ್ಟುಬಿಟ್ಟಳು.

ಮಾತಿಗೆ ತಪ್ಪದೆ ದಿನಾ ಬೆಳಿಗ್ಗೆ ಅವಳು ಅವನ ದೀಪ ಹತ್ತಿಸುತ್ತಿದ್ದಳು, ಮಲಗುವಾಗ ಆರಿಸುತ್ತಿದ್ದಳು. ಸಿಟ್ಟಿದ್ದರೂ ಎದ್ದ ಕೂಡಲೇ ಒತ್ತುತ್ತಾಳಲ್ಲ ಎಂಬ ಒಂದೇ ಧೈರ್ಯದಲ್ಲಿ ಅವನು ಹಲ್ಲುಜ್ಜುತ್ತಿದ್ದ. ಇವತ್ತು ಅದೂ ಇಲ್ಲ.

ತನ್ನ ಯಂತ್ರವೇ ಕೆಟ್ಟಿರಲಿ ಎಂದು ಬೇಕಪ್ಪ ಜನ್ಮದಲ್ಲಿ ಮೊದಲ ಸಲ ಬೇಡಿಕೊಂಡ. ಅಡುಗೆಮನೆಯ ಹಲಗೆಯ ಮೇಲಿದ್ದ ಪುಟ್ಟ ಕಂಪ್ಯೂಟರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಒಂದೊಂದೇ ಆಜ್ಞೆ ಟೈಪ್ ಮಾಡಿದ. ಲಿನಕ್ಸ್ ಸರಿಯಾಗಿದೆ. ನೆಟ್‌ವರ್ಕ್ ಸರಿಯಾಗಿದೆ. ಡೇಟಾಬೇಸ್ ಸರಿಯಾಗಿದೆ. ಎಲ್ಲ ಸರಿಯಾಗಿದೆ ಎನ್ನುವಷ್ಟು ಕೆಟ್ಟ ಸುದ್ದಿ ಅವನು ಈವರೆಗೆ ಓದಿರಲಿಲ್ಲ.

ಅಷ್ಟರಲ್ಲಿ ಮನೆಯೊಡತಿ ಚಹಾದ ಲೋಟ ಹಿಡಿದು ಹತ್ತಿ ಬಂದರು. ಅವರಿಗೆ ಒಂಟಿಯಾಗಿ ಕೂತವರನ್ನು ಕಂಡರಾಗುವುದಿಲ್ಲ.

“ಏನಪ್ಪಾ ಬೇಕಪ್ಪ, ಮುಖ ಯಾಕೆ ಹೀಗಿದೆ? ಜಗಳ ಇನ್ನೂ ಮುಗಿದಿಲ್ವಾ?”

ಜಗಳದ ಸಂಗತಿ ಇವರಿಗೆ ಹೇಗೆ ತಿಳಿಯಿತು ಎಂದು ಕೇಳುವುದರಲ್ಲಿ ಅರ್ಥವಿರಲಿಲ್ಲ. “ಆವತ್ತು ಕೆಲಸದಲ್ಲಿ ಡೆಡ್‌ಲಾಕ್ ಆಗಿತ್ತಮ್ಮ,” ಎಂದ. “ಅಂದ್ರೆ ಎರಡು ಕೆಲಸ ಇರುತ್ತೆ. ಇದಕ್ಕೆ ಬೇಕಾದ್ದು ಅದರ ಕೈಲಿ, ಅದಕ್ಕೆ ಬೇಕಾದ್ದು ಇದರ ಕೈಲಿ. ಎರಡೂ ಹಿಡ್ಕೊಂಡು ನಿಂತುಬಿಡ್ತವೆ. ಇನ್ನೊಂದು ಬಿಡ್ಲಿ ಅಂತ ಇದು ಕಾಯುತ್ತೆ, ಅದೂ ಕಾಯುತ್ತೆ.”

“ನಿಮ್ಮಿಬ್ಬರ ಹಾಗೇನೇ ಅನ್ನು. ಆಮೇಲೆ ಹೇಗೆ ಬಿಡಿಸ್ತೀಯ?”

“ಎರಡರಲ್ಲಿ ಒಂದನ್ನ ಕೊಲ್ತೀವಿ.”

“ಥೂ, ಬಿಡ್ತು ಅನ್ನು. ಒಂದು ತಾನಾಗೇ ಬಿಟ್ಟುಕೊಡಬಾರದಾ?”

“ಬಿಟ್ಟುಕೊಡಬಹುದು. ಆದ್ರೆ ಆ ಕಡೆಯದೂ ಕಾಯ್ತಿದೆ ಅಂತ ಇದಕ್ಕೆ ಗೊತ್ತಾಗ್ಬೇಕಲ್ಲ.”

ಮನೆಯೊಡತಿ ಅವನನ್ನು ಒಮ್ಮೆ, ದೀಪವನ್ನು ಒಮ್ಮೆ ನೋಡಿ ಮೆಟ್ಟಿಲ ಬಳಿ ಹೋಗಿ ಮೇಲಿನ ಮನೆಯ ಎಲೆಕ್ಟ್ರಿಷಿಯನ್ನನ್ನು ಕೂಗಿದರು. ಅವನು ಪರೋಪಕಾರಿ. ಬೇಡವೆಂದರೆ ಇನ್ನೂ ಹೆಚ್ಚು ಉಪಕಾರ ಮಾಡುವ ಜಾತಿ.

“ಸಾರ್, ನೀವು ಸಾಫ್ಟ್‌ವೇರ್ ನೋಡ್ಕೊಳ್ಳಿ, ಲೈನ್ ನಂಗೆ ಬಿಡಿ,” ಎಂದ.

“ಲೈನ್ ಸರಿಯಾಗೇ ಇದೆ ಮಾರಾಯ. ಏನೂ ಮುಟ್ಟಬೇಡ.”

“ಮುಟ್ಟಲ್ಲ ಸಾರ್. ಬರೀ ನೋಡ್ತೀನಿ,” ಎನ್ನುತ್ತ ಅವನು ಇಳಿದುಹೋದ. ಮರುಕ್ಷಣ ಇಡೀ ಕಟ್ಟಡದ ಕರೆಂಟು ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. “ಈಗ?” ಎಂದು ಕೆಳಗಿಂದ ಕೂಗಿದ. “ಈಗ?”

ಈಗ ಪುಟ್ಟ ಕಂಪ್ಯೂಟರು ನಿಜವಾಗಿಯೂ ಕೆಟ್ಟಿತ್ತು. ಅದು ಮಾಹಿತಿ ಬರೆದಿಡುತ್ತಿದ್ದಾಗಲೇ ಕರೆಂಟು ಹೋಗಿ ಅದರ ಮೆಮೊರಿ ಕಾರ್ಡು ಪೂರ್ತಿ ಎಕ್ಕುಟ್ಟಿಹೋಗಿತ್ತು. ಬೇಕಪ್ಪ ಹೆದರಲಿಲ್ಲ. ಇಂಥ ದಿನಕ್ಕೆಂದೇ ಅಲ್ಲವೇ ಅವನು ಮೂರು ಪ್ರತಿ ಇಟ್ಟದ್ದು. ಮೊದಲನೆಯದನ್ನು ತೆಗೆದ, ಖಾಲಿ. ಅದು ಎಷ್ಟೋ ತಿಂಗಳಿಂದ ಶ್ರದ್ಧೆಯಿಂದ ಒಂದು ಖಾಲಿ ಫೋಲ್ಡರನ್ನು ನಕಲು ಮಾಡುತ್ತಿತ್ತು. ಎರಡನೆಯದನ್ನು ತೆಗೆದ. ಅದು ಮೊದಲನೆಯದರ ನಕಲು.

ಉಳಿದದ್ದು ಮೂರನೆಯದು. ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಅವನು ಒಂದು ಸುಳ್ಳು ಕಂಪ್ಯೂಟರನ್ನು ಇಟ್ಟಿದ್ದ. ವರ್ಚುವಲ್ ಯಂತ್ರ ಎನ್ನುತ್ತಾರೆ. ಪುಟ್ಟ ಕಂಪ್ಯೂಟರಿನ ತದ್ರೂಪು. ಇದ್ದಲ್ಲೇ ನಿದ್ದೆ ಹೋಗಿರುತ್ತದೆ, ಎಬ್ಬಿಸಿದರೆ ಏನೂ ಆಗಿಲ್ಲವೆಂಬಂತೆ ಕೆಲಸ ಮುಂದುವರಿಸುತ್ತದೆ. ದೀಪದ ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅದನ್ನು ಎಬ್ಬಿಸಿದ.

ದೀಪ ಹತ್ತಿತು.

“ಹತ್ತಿತು ಕಣೋ ಬೇಕಪ್ಪ,” ಎಂದು ಮನೆಯೊಡತಿ ಅವನ ಬೆನ್ನಿಗೆ ಒಂದು ಗುದ್ದಿದರು. ಎಲೆಕ್ಟ್ರಿಷಿಯನ್ ಎರಡೆರಡು ಮೆಟ್ಟಿಲು ಹಾರಿ ಬಂದು, “ನಾನು ಹೇಳ್ಲಿಲ್ವಾ ಸಾರ್, ಲೈನ್ ಪ್ರಾಬ್ಲಮ್ಮು,” ಎಂದ. ಬೇಕಪ್ಪನ ಕಣ್ಣು ಮಂಜಾಯಿತು. ಬದುಕಿದ್ದಾಳೆ, ಎದ್ದಿದ್ದಾಳೆ, ಒತ್ತಿದ್ದಾಳೆ.

ಆಮೇಲೆ ಪರದೆಯ ಮೂಲೆಯಲ್ಲಿದ್ದ ತಾರೀಖು ಕಾಣಿಸಿತು. ಹೋದ ತಿಂಗಳದ್ದು. ಆ ಸುಳ್ಳು ಯಂತ್ರ ನಿದ್ದೆ ಹೋದದ್ದು ಹೋದ ತಿಂಗಳ ಒಂದು ಬೆಳಿಗ್ಗೆ, ಅವಳು ದೀಪ ಹತ್ತಿಸಿದ್ದಾಗ. ಎದ್ದ ಕೂಡಲೇ ಅದಕ್ಕೆ ಇನ್ನೂ ಅದೇ ಬೆಳಿಗ್ಗೆ. ಇವರು ಮೂವರೂ ನೋಡುತ್ತಿದ್ದದ್ದು ಹೋದ ತಿಂಗಳ ಬೆಳಕನ್ನು.

ತಾರೀಖು ಸರಿಪಡಿಸಿದರೆ ಅದು ಆರುತ್ತದೆಂದು ಅವನಿಗೆ ಗೊತ್ತಿತ್ತು. ಸರಿಪಡಿಸಲೇಬೇಕಿತ್ತು. ಆದರೂ ಸ್ವಲ್ಪ ಹೊತ್ತು ಸುಮ್ಮನೆ ಅದರ ಮುಂದೆ ಕೂತ. ಹೋದ ತಿಂಗಳ ಆ ಬೆಳಿಗ್ಗೆ ಅವಳು ಫೋನಿನಲ್ಲಿ ಆಕಳಿಸುತ್ತ, ತಲೆದಿಂಬಿಗೆ ನಿನ್ನ ಹಳೇ ಶರಟು ಹೊದಿಸಿದ್ದೇನೆ ಎಂದಿದ್ದಳು. ಅವನು ಶರಟು ಯಾವುದೆಂದು ಕೂಡ ಕೇಳಿರಲಿಲ್ಲ. ಈಗ ಕೇಳಬೇಕೆನ್ನಿಸಿತು. ಚಹಾ ಮುಗಿಸಿ, ತಾರೀಖು ತಿದ್ದಿದ. ದೀಪ ಆರಿತು.

ಅಂದರೆ ಇಲ್ಲಿ ಎಲ್ಲ ಸರಿಯಿದೆ. ಅಲ್ಲೇ ಏನೋ ಆಗಿದೆ. ಫೋನ್ ಮಾಡಬೇಡ ಎಂದ ಅವಳ ಮಾತನ್ನು ಗಾಳಿಗೆ ತೂರಿ ಅವಳಿಗೆ ಫೋನ್ ಮಾಡಿದ. ಸ್ವಿಚ್ ಆಫ್. ಮನೆಯೊಡತಿಯ ಫೋನಿನಿಂದ ಮಾಡಿದ. ಸ್ವಿಚ್ ಆಫ್. ಎಲೆಕ್ಟ್ರಿಷಿಯನ್ನನ ಫೋನಿನಿಂದ ಮಾಡಿದ. ಅದರಲ್ಲೂ ಅಷ್ಟೇ.

“ಹುಷಾರಿಲ್ವೇನೋ,” ಎಂದರು ಮನೆಯೊಡತಿ.

“ಇಲ್ಲಾ, ಸಿಟ್ಟು ತಲೆಗೇರಿರ್ಬೇಕು,” ಎಂದ ಎಲೆಕ್ಟ್ರಿಷಿಯನ್.

ಎರಡರಲ್ಲಿ ಯಾವುದು ವಾಸಿ ಎಂದು ಬೇಕಪ್ಪನಿಗೆ ತಿಳಿಯಲಿಲ್ಲ.

“ಹೀಗೆ ದೀಪ ನೋಡ್ತಾ ಕೂತರೆ ಆಯ್ತೇನಪ್ಪಾ? ಎದ್ದು ಹೋಗಿ ನೋಡ್ಕೊಂಡು ಬಾ. ಈಗಲೇ ಹೊರಟರೆ ರೈಲು ಸಿಗುತ್ತೆ.”

ಅಭ್ಯಾಸಬಲದಿಂದ ಬೇಕಪ್ಪ ಬಾಯಿ ತೆರೆದ. ‘ನೋ’ ಎನ್ನುವಷ್ಟರಲ್ಲಿ ನಾಲಿಗೆ ಕಚ್ಚಿಕೊಂಡು, “ಹೋಗ್ತೀನಮ್ಮ,” ಎಂದ. ಮೇಜಿನ ದೀಪದ ವೈರನ್ನು ಲ್ಯಾಪ್‌ಟಾಪಿನ ಸುಳ್ಳು ಯಂತ್ರಕ್ಕೇ ಬಿಟ್ಟು, ಅವಳ ಕೋಣೆಯ ಕೀಲಿಯ ನಕಲನ್ನು ಜೇಬಿಗಿಳಿಸಿ, ಬಾಗಿಲ ಬಳಿ ಇದ್ದ ಚೀಲ ಎತ್ತಿಕೊಂಡು ಓಡಿದ. ಎಲೆಕ್ಟ್ರಿಷಿಯನ್ ಬೈಕಿನಲ್ಲಿ ಸ್ಟೇಷನ್ನಿಗೆ ಬಿಟ್ಟ. ಓಡುವ ರೈಲನ್ನು ಹತ್ತಿಸಿದ ಎಂದರೂ ತಪ್ಪಿಲ್ಲ.

ರೈಲು ಕದಲುತ್ತಿದ್ದಾಗ ಎದುರಿನ ಪ್ಲಾಟ್‌ಫಾರ್ಮಿಗೆ ಇನ್ನೊಂದು ರೈಲು ಬಂದು ನಿಂತಿತು. ಜನ ಇಳಿದರು. ಯಾರೋ ಯಾರನ್ನೋ ಅಪ್ಪಿಕೊಂಡರು, ಯಾರೋ ಯಾರ ಕೈಯಿಂದಲೋ ಚೀಲ ಇಸಿದುಕೊಂಡರು. ಇನ್ನೊಬ್ಬರ ಹೆಂಡಿರು ಬಂದಿಳಿಯುವುದನ್ನು ಈ ಹೊತ್ತಿನಲ್ಲಿ ನೋಡಲು ಅವನಿಂದಾಗಲಿಲ್ಲ. ಮುಖ ತಿರುಗಿಸಿ ಕಿಟಕಿಯ ಬಾಗಿಲು ಎಳೆದುಕೊಂಡ.

ದಾರಿಯುದ್ದಕ್ಕೂ ಅವಳ ನಂಬರು ಒತ್ತಿ ಒತ್ತಿ ಫೋನಿನ ಬ್ಯಾಟರಿ ಮುಗಿಯಿತು. ಎರಡು ಚಾರ್ಜರ್ ಇರುವ ಮನುಷ್ಯನಿಗೇನು ಚಿಂತೆ. ಚೀಲ ಬಿಚ್ಚಿದ. ಅದು ಬಟ್ಟೆಯ ಚೀಲವಲ್ಲ, ಹಳೇ ವೈರುಗಳದ್ದು. ಲೋಕದಲ್ಲಿ ಇರುವ, ಇದ್ದ, ಇನ್ನು ಯಾರಿಗೂ ಬೇಡವಾದ ಯಂತ್ರಗಳ ವೈರು ಅದರಲ್ಲಿತ್ತು. ಒಂದೂ ಅವನ ಫೋನಿಗೆ ಕೂರಲಿಲ್ಲ. ಎದುರಿನ ಸೀಟಿನ ಅಜ್ಜಿ, “ವೈರ್ ಮಾರ್ತೀಯೇನಪ್ಪಾ?” ಎಂದು ಕೇಳಿದರು.

ಅವಳ ಕಟ್ಟಡ ಮುಟ್ಟಿದಾಗ ಸಂಜೆಯಾಗಿತ್ತು. ಗೇಟಿನಲ್ಲಿ ಕಾವಲುಗಾರ ಕುರ್ಚಿಯಿಂದ ಎದ್ದು ಅವನನ್ನೇ ಮಿಕಿಮಿಕಿ ನೋಡಿದ.

“ನೀವಿಲ್ಲಿ ಏನ್ಮಾಡ್ತಿದೀರಿ ಸಾರ್? ಮೇಡಮ್ಮು ನಿಮ್ಮ ಹತ್ರಾನೇ ಅಲ್ವಾ ಹೋಗಿದ್ದು?”

“ನನ್ನ ಹತ್ರ?”

“ಬೆಳಕು ಹರಿಯೋಕೆ ಮುಂಚೆನೇ ಹೊರಟ್ರು. ‘ಅವನು ಬರೋ ಥರ ಇಲ್ಲ, ನಾನೇ ಹೋಗಿ ಎದುರಿಗೆ ನಿಲ್ತೀನಿ’ ಅಂದ್ರು. ‘ಫೋನ್ ಆನ್ ಇದ್ರೆ ಅವನು ಮಾಡ್ತಾನೆ, ನಾನು ಬಾಯಿ ಬಿಟ್ಬಿಡ್ತೀನಿ’ ಅಂತ ಆಫ್ ಬೇರೆ ಮಾಡ್ಕೊಂಡ್ರು.”

ಬೇಕಪ್ಪನಿಗೆ ಕಿಟಕಿಯ ಬಾಗಿಲು ಎಳೆದುಕೊಂಡದ್ದು ನೆನಪಾಯಿತು. ಆ ಎದುರಿನ ರೈಲು ಎಲ್ಲಿಂದ ಬಂದದ್ದು ಎಂದು ಈಗ ತಿಳಿಯಿತು.

ಕಾವಲುಗಾರನ ಚಾರ್ಜರೂ ಅವನ ಫೋನಿಗೆ ಕೂರಲಿಲ್ಲ. “ನಿನ್ನ ಫೋನ್ ಕೊಡು. ಅವಳ ನಂಬರ್ ಇದೆಯಾ?”

“ನಂಬರ್ ಯಾಕೆ ಸಾರ್, ದಿನಾ ಎದುರಿಗೇ ಸಿಗ್ತಾರಲ್ಲ. ನಿಮಗೆ ಗೊತ್ತಿರುತ್ತೆ, ಹೇಳಿ, ಒತ್ತೋಣ.”

ಅವಳ ನಂಬರು ಅವನ ಫೋನಿನಲ್ಲಿತ್ತು, ಲ್ಯಾಪ್‌ಟಾಪಿನಲ್ಲಿತ್ತು, ಎರಡು ಹಾರ್ಡ್‌ಡಿಸ್ಕಿನಲ್ಲಿತ್ತು. ತಲೆಯಲ್ಲಿರಲಿಲ್ಲ.

ಕೋಣೆಯ ಬೀಗ ತೆಗೆದು ಒಳಗೆ ಹೋದ. ತಲೆದಿಂಬಿಗೆ ಅವನ ನೀಲಿ ಗೀಟಿನ ಶರಟು. ಕಾಲೇಜಿನದು. ಪಕ್ಕದ ಮೇಜಿನ ಮೇಲೆ ದೀಪ, ಚಾರ್ಜರು ಮಾತ್ರ ಅವಳ ಜೊತೆ ಹೋಗಿತ್ತು. ಹಾಸಿಗೆಯ ಅಂಚಿನಲ್ಲಿ ಕೂತು ಅವನು ದೀಪದ ಗುಂಡಿ ಒತ್ತಿದ. ಅಲ್ಲಿ ತನ್ನ ಮನೆಯಲ್ಲಿ, ತನ್ನ ಮೇಜಿನ ಮೇಲೆ ಅದು ಹತ್ತಿರಬೇಕು. ಮನೆಯೊಡತಿ ಅವಳಿಗೆ ಎಲ್ಲ ಹೇಳಿ ಮುಗಿಸಿರಬೇಕು, ಒಂದಕ್ಕೆ ನಾಲ್ಕು ಸೇರಿಸಿ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವನ ಮುಂದಿನ ದೀಪ ಹತ್ತಿತು.

ಸಿಟ್ಟಿಲ್ಲ. ಹುಷಾರಾಗಿದ್ದಾಳೆ. ತನ್ನ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಒತ್ತಿದ್ದಾಳೆ. ಬೇಕಪ್ಪ ಒಬ್ಬನೇ ಕೂತು ನಕ್ಕ, ಕಣ್ಣೊರೆಸಿಕೊಂಡ. ಇಷ್ಟು ದಿನ ಅವಳು ಎಲ್ಲಿದ್ದಳೋ ಅಲ್ಲಿ ಈಗ ಅವನಿದ್ದ, ಅವನಿದ್ದಲ್ಲಿ ಅವಳು. ನಡುವಿನ ದಾರಿ ಮಾತ್ರ ಅಷ್ಟೇ ಇತ್ತು.

ಕೈಯಲ್ಲಿರುವುದು ನಾಳೆಯ ಭಾನುವಾರ ಒಂದೇ. ಸೋಮವಾರ ಇಬ್ಬರಿಗೂ ಕೆಲಸ. ಎರಡೂ ಊರಿಂದ ರಾತ್ರಿಯ ರೈಲು ಒಂದೊಂದಿದೆ. ಈಗ ಹೊರಟರೆ ಬೆಳಿಗ್ಗೆ ಅವಳೆದುರು ನಿಲ್ಲಬಹುದು, ಅವಳು ಅಲ್ಲೇ ಇದ್ದರೆ. ಅಥವಾ ಇಲ್ಲೇ ಕಾಯಬಹುದು, ಅವಳು ಹೊರಟರೆ. ನೀನು ಅಲ್ಲೇ ಇರು, ನಾನು ಬರುತ್ತೇನೆ ಎಂದು ಹೇಳುವುದು ಹೇಗೆ? ಅವನು ಕಟ್ಟಿದ ದೀಪಕ್ಕೆ ಇದ್ದೇನೆ ಎನ್ನುವುದೊಂದೇ ಗೊತ್ತು. ಬಾ ಎನ್ನುವ ಕೆಂಪು ಬಣ್ಣ ಮುಂದಿನ ವರ್ಷನ್‌ನಲ್ಲಿತ್ತು.

ಹಾಗೇ ಕೂತ. ದೀಪ ಹತ್ತಿರುವ ತನಕ ಅವಳು ಅಲ್ಲಿದ್ದಾಳೆ, ತಾನು ಇಲ್ಲಿ. ಅವಳೂ ಹೀಗೇ ದೀಪ ನೋಡುತ್ತ ಕೂತಿದ್ದಾಳೆ. ಅವಳಿಗೆ ಬೇಕಾದ್ದು ಇಲ್ಲಿ, ತನಗೆ ಬೇಕಾದ್ದು ಅಲ್ಲಿ, ಇಬ್ಬರೂ ಕಾಯುತ್ತಿದ್ದಾರೆ. ಇದು ಯಾವ ರೋಗ ಎಂದು ಅವನಿಗೆ ತಟ್ಟನೆ ಹೊಳೆಯಿತು. ದಿನಾ ಆಫೀಸಿನಲ್ಲಿ ಬಿಡಿಸುವುದೇ ಇದನ್ನು. ಮನೆಯೊಡತಿ ಮದ್ದನ್ನೂ ಹೇಳಿದ್ದರು: ಒಂದು ತಾನಾಗೇ ಬಿಟ್ಟುಕೊಡಬೇಕು.

ದೀಪ ಹತ್ತಿದ್ದರೆ ಇದ್ದೇನೆ ಎಂದಾದರೆ, ಆರಿದರೆ ಹೊರಟೆ ಎಂದು ತಾನೇ? ಇನ್ನೊಂದು ಬಣ್ಣವೇ ಬೇಕಿಲ್ಲ. ಬೇಕಪ್ಪನಿಗೆ ಮೈಯೆಲ್ಲ ಹಗುರವಾಯಿತು. ಮದುವೆಯಾದ ಮೇಲೆ ಮೊದಲ ಸಲ ಅವನು ನೋಡೋಣ ಅನ್ನದೆ ಒಂದು ತೀರ್ಮಾನ ಮಾಡಿದ್ದ. ಗುಂಡಿ ಒತ್ತಿ ಅವಳ ಮುಂದಿನ ದೀಪ ಆರಿಸಿ, ವೈರಿನ ಚೀಲ ಹೆಗಲಿಗೇರಿಸಿ, ಒಂದು ಶೂ ಹಾಕಿ ಇನ್ನೊಂದಕ್ಕೆ ಕೈ ಹಾಕಿದ.

ಬಿಟ್ಟುಕೊಡುವ ಬುದ್ಧಿ ಎರಡಕ್ಕೂ ಒಟ್ಟಿಗೆ ಬಂದರೆ ಏನಾಗುತ್ತದೆ ಎಂದು ಬೆಳಿಗ್ಗೆ ಮನೆಯೊಡತಿ ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ. ಬಾಗಿಲ ಬಳಿ ನಿಂತು ಕೊನೆಯದಾಗಿ ತಿರುಗಿ ನೋಡುತ್ತಿದ್ದಂತೆ, ಮೇಜಿನ ಮೇಲೆ ಅವಳು ಹತ್ತಿಸಿದ್ದ ದೀಪವೂ ಆರಿಹೋಯಿತು.

ಒಂದು ಕಾಲಿಗೆ ಶೂ, ಒಂದು ಶೂ ಕೈಯಲ್ಲಿ, ಕತ್ತಲೆಯ ಕೋಣೆಯಲ್ಲಿ ಬೇಕಪ್ಪ ನಿಂತೇ ನಿಂತ.

ಕೆಳಗಿಂದ ಕಾವಲುಗಾರ ಕೂಗಿದ. “ಸಾರ್, ಗೇಟ್ ಹಾಕ್ಬೇಕು. ಹೊರಟ್ರಾ, ಇಲ್ಲೇ ಇರ್ತೀರಾ?”

ಬೇಕಪ್ಪನ ಬಾಯಿಗೆ ಬಂದದ್ದು ಒಂದೇ ಮಾತು.

“ನೋಡೋಣ,” ಎಂದ.